ನನ್ನ ಷೇರಿನ ದುಡ್ಡು ಯಾವ ಪಕ್ಷಕ್ಕೆ ಹೋಯಿತು? ಕಂಪನಿ ದೇಣಿಗೆ ಬಗ್ಗೆ ಮಾತಾಡೋಣ

ಚಿಕ್ಕಷೇರುದಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಅಪ್ಪ ತೀರಿಕೊಂಡ ಮೇಲೆ ಅವರ ಷೇರುಗಳು ನನ್ನ ಡಿಮ್ಯಾಟ್ ಖಾತೆಗೆ ಬಂದವು. ಅದರಲ್ಲಿ ಒಂದು ಕಂಪನಿಯ 60 ಷೇರುಗಳಿವೆ. ಕಂಪನಿ ಹೆಸರು ಇಲ್ಲಿ ಬೇಡ. ಅಪ್ಪ ಪ್ರತಿ ವರ್ಷ ಆ ಕಂಪನಿಯ ವಾರ್ಷಿಕ ವರದಿ ಪೋಸ್ಟ್‌ನಲ್ಲಿ ಬಂದ ಕೂಡಲೇ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ನನಗೆ ಈಗ ಅದು ಪಿಡಿಎಫ್ ಆಗಿ ಮೇಲ್‌ಗೆ ಬರುತ್ತದೆ, ಇಷ್ಟು ವರ್ಷ ನಾನು ತೆರೆದೇ ಇರಲಿಲ್ಲ. ಹೋದ ಭಾನುವಾರ ಯಾಕೋ ಅಪ್ಪನ ನೆನಪಾಗಿ ತೆರೆದೆ.

ಲಾಭ-ನಷ್ಟದ ಪಟ್ಟಿಯಲ್ಲಿ 'ಇತರ ವೆಚ್ಚಗಳು' ಅಂತ ಒಂದೇ ಸಾಲು ಇರುತ್ತದೆ. ಅದರ ವಿವರ ಬೇಕಾದರೆ ಹಿಂದಿನ ಟಿಪ್ಪಣಿಗೆ ಹೋಗಬೇಕು. ಹೋದೆ. ಬಾಡಿಗೆ, ವಿದ್ಯುತ್, ರಿಪೇರಿ, ಮುದ್ರಣ ಮತ್ತು ಸ್ಟೇಷನರಿ. ಅದರ ಕೆಳಗೆ 'ಚುನಾವಣಾ ಟ್ರಸ್ಟ್‌ಗೆ ಕೊಡುಗೆ'. ಮೊತ್ತ ಕೋಟಿಗಳಲ್ಲಿದೆ. ಅದರ ಕೆಳಗೆ ಆಡಿಟರ್ ಫೀಸ್. ಅಷ್ಟೇ. ಯಾವ ಪಕ್ಷ, ಯಾಕೆ, ಯಾರು ತೀರ್ಮಾನ ಮಾಡಿದರು, ಒಂದಕ್ಷರ ಇಲ್ಲ. ಅದೇ ವರ್ಷ ಡಿವಿಡೆಂಡ್ ಕಡಿಮೆ ಮಾಡಿದ್ದಾರೆ, ಅದಕ್ಕೆ ಅಧ್ಯಕ್ಷರ ಪತ್ರದಲ್ಲಿ ಅರ್ಧ ಪುಟ ಸಮಜಾಯಿಷಿ ಇದೆ.

ನನ್ನ ಪ್ರಶ್ನೆ ಇಷ್ಟೇ. ಕಂಪನಿ ಅಂದರೆ ಷೇರುದಾರರ ದುಡ್ಡು. ನನ್ನ ದುಡ್ಡನ್ನು ಯಾವ ಪಕ್ಷಕ್ಕೆ ಕೊಡಬೇಕು ಅಂತ ನಾನು ತೀರ್ಮಾನ ಮಾಡಬೇಕಲ್ವಾ? ನಾನು ಒಂದು ಪಕ್ಷಕ್ಕೆ ಓಟು ಹಾಕಿ, ನನ್ನ ಕಂಪನಿ ನನ್ನನ್ನು ಕೇಳದೆ ಇನ್ನೊಂದಕ್ಕೆ ಕೋಟಿಗಟ್ಟಲೆ ಕೊಟ್ಟರೆ ನನ್ನ ಓಟಿಗೆ ಏನು ಬೆಲೆ? ತಿಳಿದವರು ಹೇಳಿ. ಕಾನೂನು ಏನು ಹೇಳುತ್ತದೆ? ಕೇಳುವ ಹಕ್ಕು ನನಗೆ ಇದೆಯಾ?

ಲೆಕ್ಕಪತ್ರ:

ಒಳ್ಳೆ ಪ್ರಶ್ನೆ. ನಾನು 18 ವರ್ಷದಿಂದ ಆಡಿಟ್ ಕೆಲಸದಲ್ಲಿದ್ದೇನೆ, ಗೊತ್ತಿರುವುದನ್ನು ಹೇಳುತ್ತೇನೆ.

2013ರ ಕಂಪನಿ ಕಾಯ್ದೆಯ 182ನೇ ಸೆಕ್ಷನ್ ನೋಡಿ. ಸರ್ಕಾರಿ ಕಂಪನಿ ಯಾವ ಪಕ್ಷಕ್ಕೂ ಕೊಡುವ ಹಾಗಿಲ್ಲ. ಶುರುವಾಗಿ ಮೂರು ಹಣಕಾಸು ವರ್ಷ ಆಗದ ಕಂಪನಿಯೂ ಕೊಡುವ ಹಾಗಿಲ್ಲ. ಉಳಿದವರು ಕೊಡಬಹುದು. ಎಷ್ಟು ಅಂದರೆ, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 7.5%ವರೆಗೆ. ಯಾವ ಪಕ್ಷಕ್ಕೆ ಎಷ್ಟು ಅಂತ ಲಾಭ-ನಷ್ಟದ ಲೆಕ್ಕದಲ್ಲಿ ಬರೆಯಬೇಕು. ತಪ್ಪಿದರೆ ಕೊಟ್ಟ ಮೊತ್ತದ ಐದು ಪಟ್ಟುವರೆಗೆ ದಂಡ, ಹೊಣೆಯಾದ ಅಧಿಕಾರಿಗೆ ಆರು ತಿಂಗಳುವರೆಗೆ ಜೈಲು.

2017ರ ಹಣಕಾಸು ಕಾಯ್ದೆ ಇದರಲ್ಲಿ ಎರಡನ್ನು ಕಿತ್ತು ಹಾಕಿತ್ತು. 7.5% ಮಿತಿ ಹೋಯಿತು, ಪಕ್ಷದ ಹೆಸರು ಬರೆಯುವ ನಿಯಮವೂ ಹೋಯಿತು. ಅಂದರೆ ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು, ಯಾರಿಗೆ ಅಂತ ಹೇಳಬೇಕಾಗಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ (ಕೊಟ್ಟವರ ಹೆಸರು ಹೊರಗೆ ಬಾರದ ಹಾಗೆ ಪಕ್ಷಕ್ಕೆ ದುಡ್ಡು ಕೊಡುವ ಬ್ಯಾಂಕ್ ಪತ್ರ) ಜೊತೆಗೆ ಈ ಎರಡೂ ತಿದ್ದುಪಡಿಯನ್ನು ರದ್ದು ಮಾಡಿತು. ಈಗ ಹಳೆ ನಿಯಮಕ್ಕೆ ವಾಪಸ್ ಬಂದಿದ್ದೇವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ದೇಣಿಗೆಗೆ ಬೇಕಾಗಿರುವುದು ನಿರ್ದೇಶಕರ ಮಂಡಳಿಯ ಒಂದು ನಿರ್ಣಯ ಮಾತ್ರ. ಷೇರುದಾರರನ್ನು ಕೇಳಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಒಂದು ಸಲ ನಾನೇ ಆಡಿಟ್‌ಗೆ ಹೋದ ಕಡೆ ಸಭೆಯ ನಡಾವಳಿ ಪುಸ್ತಕ ನೋಡಿದ್ದೆ. ಹೊಸ ಬಾಯ್ಲರ್ ಖರೀದಿಗೆ ಎರಡೂವರೆ ಪುಟ ಚರ್ಚೆ ಬರೆದಿದ್ದರು, ಮೂರು ಕೊಟೇಶನ್ ಲಗತ್ತಿಸಿದ್ದರು. ಬಾಯ್ಲರ್‌ಗಿಂತ ಜಾಸ್ತಿ ಮೊತ್ತದ ದೇಣಿಗೆಗೆ ಇದ್ದದ್ದು ನಾಲ್ಕು ಸಾಲು. 'ಚರ್ಚಿಸಿ ಅಂಗೀಕರಿಸಲಾಯಿತು'. ಕಾನೂನಿನ ಪ್ರಕಾರ ಅಷ್ಟು ಸಾಕು, ನಾನು ಆಕ್ಷೇಪ ಎತ್ತುವ ಹಾಗಿರಲಿಲ್ಲ. ಆ ನಾಲ್ಕು ಸಾಲು ಇವತ್ತಿಗೂ ಕಣ್ಣ ಮುಂದಿದೆ.

ಸಣ್ಣಕೈಗಾರಿಕೆ:

ನಾನು ಆ ಕಡೆಯವನು. ಸಣ್ಣದೊಂದು ಯೂನಿಟ್ ನಡೆಸುತ್ತೇನೆ, 45 ಜನ ಕೆಲಸ ಮಾಡುತ್ತಾರೆ. ಕೊಡುವವರ ಕಷ್ಟ ಸ್ವಲ್ಪ ಕೇಳಿ.

ಇಲ್ಲಿ ಯಾರೂ ಪ್ರೀತಿಯಿಂದ ಕೊಡುವುದಿಲ್ಲ. ಚುನಾವಣೆ ಹತ್ತಿರ ಬಂದ ಹಾಗೆ ಮನೆಗೆ, ಫ್ಯಾಕ್ಟರಿಗೆ ಜನ ಬರುತ್ತಾರೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೂ ಕೊಡಬೇಕು. ಯಾರು ಗೆದ್ದರೂ ನಮ್ಮ ಫೈಲ್ ನಿಲ್ಲಬಾರದು ಅನ್ನುವುದಷ್ಟೇ ನಮ್ಮ ಆಸೆ. ನಾನು ಚೆಕ್ ಬರೆಯಲು ತಯಾರಿದ್ದೆ, 'ಚೆಕ್ ಬೇಡ' ಅಂದರು. ಯಾವ ಪಕ್ಷ ಅಂತ ಹೇಳುವುದಿಲ್ಲ, ಎಲ್ಲರೂ ಒಂದೇ.

ಕಂಪನಿ ದೇಣಿಗೆ ಪೂರ್ತಿ ನಿಲ್ಲಿಸಬೇಕು ಅನ್ನುವವರಿಗೆ ನನ್ನ ಪ್ರಶ್ನೆ ಇದು. ಚೆಕ್ ಬಾಗಿಲು ಮುಚ್ಚಿದರೆ ದುಡ್ಡು ನಿಲ್ಲುತ್ತದಾ, ಹಿತ್ತಲ ಬಾಗಿಲಿಗೆ ಹೋಗುತ್ತದಾ? ಬಿಳಿ ದುಡ್ಡು ಕೊಡುವವನನ್ನು ಹಿಡಿದು ಬೈದರೆ ಅವನೂ ನಾಳೆಯಿಂದ ಕಪ್ಪು ದುಡ್ಡು ಕೊಡುತ್ತಾನೆ.

ಹಳೇವಕೀಲ:

ಸಣ್ಣಕೈಗಾರಿಕೆಯವರ ಮಾತಿನಲ್ಲಿ ಸತ್ಯ ಇದೆ. ನಮ್ಮ ದೇಶ ಅದನ್ನು ಒಮ್ಮೆ ಅನುಭವಿಸಿಯೂ ಆಗಿದೆ. ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ ಈ ಚರ್ಚೆಯ ಮೊದಲ ಪ್ರಶ್ನೆಯನ್ನು ಹತ್ತಿರ ಹತ್ತಿರ 70 ವರ್ಷದ ಹಿಂದೆ ಇನ್ನೊಬ್ಬ ಷೇರುದಾರ ಕೇಳಿದ್ದರು.

1957ರಲ್ಲಿ ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಡಲು ಅನುಕೂಲ ಆಗಲಿ ಅಂತ ತನ್ನ ಮೂಲ ನಿಯಮಾವಳಿಯನ್ನೇ ತಿದ್ದಲು ಹೊರಟಿತು. ಒಬ್ಬ ಷೇರುದಾರ ಅಡ್ಡ ನಿಂತರು. ಪ್ರಕರಣ ಬಾಂಬೆ ಹೈಕೋರ್ಟ್‌ಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕಂಪನಿಗೆ ಅನುಮತಿ ಕೊಟ್ಟರು, ಯಾಕೆಂದರೆ ಆಗಿನ ಕಾನೂನಿನಲ್ಲಿ ಅದನ್ನು ತಡೆಯುವ ದಾರಿ ಇರಲಿಲ್ಲ. ಆದರೆ ತೀರ್ಪಿನಲ್ಲಿ ಒಂದು ಎಚ್ಚರಿಕೆ ಬರೆದರು. ಈ ಅಪಾಯ ಬೆಳೆಯುತ್ತಾ ಹೋಗಿ ಕೊನೆಗೆ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕಬಹುದು, ಇದಕ್ಕೆ ಏನು ಮಿತಿ ಹಾಕಬೇಕು ಅಂತ ಸಂಸತ್ತು ಯೋಚಿಸಬೇಕು ಎಂಬ ಅರ್ಥದ ಮಾತು ಅದು. ವಕಾಲತ್ತು ಶುರು ಮಾಡಿದ ವರ್ಷಗಳಲ್ಲಿ ಓದಿದ್ದೆ, ಇನ್ನೂ ಮರೆತಿಲ್ಲ.

1960ರಲ್ಲಿ ಮಿತಿ ಬಂತು. 25,000 ರೂಪಾಯಿ ಅಥವಾ ಸರಾಸರಿ ನಿವ್ವಳ ಲಾಭದ 5%, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ದೇಣಿಗೆಯನ್ನು ಪೂರ್ತಿ ನಿಷೇಧ ಮಾಡಿತು. ಆಗ ಲೈಸೆನ್ಸ್, ಪರ್ಮಿಟ್ ಎಲ್ಲಾ ಸರ್ಕಾರದ ಕೈಯಲ್ಲಿತ್ತು. ಪಕ್ಷಗಳಿಗೆ ದುಡ್ಡು ಬೇಕೇ ಬೇಕಿತ್ತು. ಕಂಪನಿಗಳು ಕೊಡುವುದನ್ನು ನಿಲ್ಲಿಸಲಿಲ್ಲ, ಲೆಕ್ಕ ಬರೆಯುವುದನ್ನು ನಿಲ್ಲಿಸಿದವು. ಸೂಟ್‌ಕೇಸ್ ರಾಜಕೀಯ ಅಂತ ಜನ ಮಾತಾಡಲು ಶುರು ಮಾಡಿದ್ದು ಆ ಕಾಲದಲ್ಲಿ. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ನಿಷೇಧ ತೆಗೆದು ಮತ್ತೆ 5% ಮಿತಿ ತಂದಿತು. 2013ರಲ್ಲಿ ಅದು 7.5% ಆಯಿತು.

ಹಾಗಾಗಿ ನಿಷೇಧ ಒಂದೇ ಮದ್ದು ಅಂತ ನಾನು ಹೇಳುವುದಿಲ್ಲ. ಆದರೆ 16 ವರ್ಷದ ಆ ಅನುಭವವನ್ನು ಮುಂದಿಟ್ಟು 'ಹೇಗಿದ್ದರೂ ಕೊಡುತ್ತಾರೆ, ಕೇಳಬೇಡಿ' ಅನ್ನುವುದನ್ನೂ ಒಪ್ಪುವುದಿಲ್ಲ. ಕೊಡುವುದಾದರೆ ಹೇಳಿ ಕೊಡಲಿ.

ಚಿಕ್ಕಷೇರುದಾರ:

ಸರ್, ತುಂಬಾ ಧನ್ಯವಾದ. 1957ರ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಷೇರುದಾರರ ಹತ್ತಿರ ಎಷ್ಟು ಷೇರು ಇದ್ದವೋ ಏನೋ, ಅಷ್ಟು ದೊಡ್ಡ ಕಂಪನಿ ವಿರುದ್ಧ ಕೋರ್ಟ್‌ಗೆ ಹೋದರಲ್ಲ, ಅದು ದೊಡ್ಡ ಧೈರ್ಯ.

ಒಂದು ಅನುಮಾನ. ಈಗ ಹಳೆ ನಿಯಮ ವಾಪಸ್ ಬಂದಿದೆ, ಪಕ್ಷದ ಹೆಸರು ಬರೆಯಲೇಬೇಕು ಅಂತ ಲೆಕ್ಕಪತ್ರ ಅವರು ಹೇಳಿದರು. ಹಾಗಿದ್ದರೆ ನಮ್ಮ ಕಂಪನಿಯ ವರದಿಯಲ್ಲಿ ಬರೀ 'ಟ್ರಸ್ಟ್' ಅಂತ ಯಾಕಿದೆ?

ಲೆಕ್ಕಪತ್ರ:

ಅದೇ ಈಗ ಉಳಿದಿರುವ ತೂತು. 2013ರ ಜನವರಿಯಲ್ಲಿ ಬಂದ ಚುನಾವಣಾ ಟ್ರಸ್ಟ್ ಯೋಜನೆ ಪ್ರಕಾರ ಕಂಪನಿ ನೇರವಾಗಿ ಪಕ್ಷಕ್ಕೆ ಕೊಡುವ ಬದಲು ಟ್ರಸ್ಟ್‌ಗೆ ಕೊಡಬಹುದು. ಟ್ರಸ್ಟ್ ಆ ವರ್ಷ ಬಂದ ದುಡ್ಡಿನಲ್ಲಿ 95% ಅದೇ ವರ್ಷ ಪಕ್ಷಗಳಿಗೆ ಹಂಚಬೇಕು. ಯಾರಿಂದ ಎಷ್ಟು ಬಂತು, ಯಾವ ಪಕ್ಷಕ್ಕೆ ಎಷ್ಟು ಹೋಯಿತು ಅಂತ ಚುನಾವಣಾ ಆಯೋಗಕ್ಕೆ ವರದಿ ಕೊಡಬೇಕು. ವರದಿ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತದೆ.

ಬಾಂಡ್‌ಗೆ ಹೋಲಿಸಿದರೆ ಇದು ಎಷ್ಟೋ ವಾಸಿ, ಅದನ್ನು ಒಪ್ಪಬೇಕು. ಆದರೆ ಹತ್ತು ಕಂಪನಿ ಒಂದೇ ಹಂಡೆಗೆ ನೀರು ಸುರಿದು, ಆ ಹಂಡೆಯಿಂದ ನಾಲ್ಕು ಪಕ್ಷ ಚೊಂಬಿನಲ್ಲಿ ತೋಡಿಕೊಂಡರೆ ಯಾರ ನೀರು ಯಾರಿಗೆ ಅಂತ ಹೇಗೆ ಹೇಳುತ್ತೀರಿ? ನಿಮ್ಮ ವರದಿಯಲ್ಲಿ ಟ್ರಸ್ಟ್ ಹೆಸರು ಬಂದರೆ ಅಲ್ಲಿಗೆ ದಾರಿ ನಿಂತಿತು.

ಬಾಂಡ್ ರದ್ದಾದ ಮೇಲೆ ದೊಡ್ಡ ಕಂಪನಿಗಳ ದುಡ್ಡು ಈ ದಾರಿಗೆ ಜಾಸ್ತಿ ತಿರುಗಿದೆ. ಪ್ರುಡೆಂಟ್ ಅನ್ನುವ ಟ್ರಸ್ಟ್ ಇದರಲ್ಲಿ ದೊಡ್ಡದು, ಟಾಟಾ ಗುಂಪಿನ ಪ್ರೋಗ್ರೆಸಿವ್ ಟ್ರಸ್ಟ್ ಇನ್ನೊಂದು.

ಇನ್ನೊಂದು ವಿಷಯ. ಚೆಕ್ ಅಥವಾ ಆನ್‌ಲೈನ್‌ನಲ್ಲಿ ಕೊಟ್ಟ ದೇಣಿಗೆಗೆ ಕಂಪನಿಗೆ ಆದಾಯ ತೆರಿಗೆಯಲ್ಲಿ ಪೂರ್ತಿ ವಿನಾಯಿತಿ ಇತ್ತು, 80ಜಿಜಿಬಿ ಸೆಕ್ಷನ್ ಅಂತ. 22% ತೆರಿಗೆಯ ಹೊಸ ದಾರಿ ಹಿಡಿದ ಕಂಪನಿಗಳಿಗೆ ಇದು ಸಿಗುತ್ತಿರಲಿಲ್ಲ. ಪಡೆದ ಕಂಪನಿಗಳ ಮಟ್ಟಿಗೆ ಸರ್ಕಾರಕ್ಕೆ ಬರುವ ತೆರಿಗೆ ಅಷ್ಟು ಕಡಿಮೆಯಾಗಿ, ಆ ದೇಣಿಗೆಯ ಒಂದು ಪಾಲನ್ನು ಷೇರು ಇಲ್ಲದ ಜನರೂ ಕೊಟ್ಟ ಹಾಗೆ ಆಯಿತು.

ರಾತ್ರಿಎಕ್ಸೆಲ್:

ಬಾಂಡ್ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. 2024ರ ಮಾರ್ಚ್ 14ರ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2018ರ ಜನವರಿ 2ಕ್ಕೆ ಯೋಜನೆ ಬಂತು. ಎಸ್‌ಬಿಐನ ಗೊತ್ತುಪಡಿಸಿದ ಶಾಖೆಯಲ್ಲಿ ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗಿನ ಬಾಂಡ್ ಕೊಳ್ಳಬಹುದು. 15 ದಿನದೊಳಗೆ ಪಕ್ಷ ಅದನ್ನು ಜಮಾ ಮಾಡಬೇಕು, ಇಲ್ಲದಿದ್ದರೆ ಪ್ರಧಾನಿ ಪರಿಹಾರ ನಿಧಿಗೆ. ಬಾಂಡ್ ಮೇಲೆ ಕೊಂಡವರ ಹೆಸರಿಲ್ಲ. ಯಾರು ಕೊಟ್ಟರು ಅಂತ ಪಕ್ಷ ಆಯೋಗಕ್ಕೆ ಹೇಳಬೇಕಾಗಿಲ್ಲ. ರಿಸರ್ವ್ ಬ್ಯಾಂಕ್ ಮತ್ತು ಚುನಾವಣಾ ಆಯೋಗ ಎರಡೂ 2017ರಲ್ಲೇ ಬೇಡ ಅಂದಿದ್ದವು. ಐವರು ನ್ಯಾಯಮೂರ್ತಿಗಳ ಪೀಠ ರದ್ದು ಮಾಡಿ, 2019ರ ಏಪ್ರಿಲ್ 12ರಿಂದ ಮಾರಿದ ಎಲ್ಲಾ ಬಾಂಡ್‌ಗಳ ವಿವರ ಕೊಡಿ ಅಂತ ಎಸ್‌ಬಿಐಗೆ ಹೇಳಿತು. ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. ಮಾರ್ಚ್ 11ಕ್ಕೆ ಕೋರ್ಟ್ ಆಗುವುದಿಲ್ಲ, ನಾಳೆಯೇ ಕೊಡಿ ಅಂತು.

ಮಾರ್ಚ್ 14ಕ್ಕೆ ಚುನಾವಣಾ ಆಯೋಗ ವೆಬ್‌ಸೈಟ್‌ಗೆ ಹಾಕಿದ್ದು ಎರಡು ಪಿಡಿಎಫ್. ಒಂದರಲ್ಲಿ ಕೊಂಡವರು, 337 ಪುಟ. ಇನ್ನೊಂದರಲ್ಲಿ ಜಮಾ ಮಾಡಿಕೊಂಡ ಪಕ್ಷಗಳು, 426 ಪುಟ. ಎರಡಕ್ಕೂ ನಡುವೆ ಸೇತುವೆ ಇಲ್ಲ. ಮೊದಲ ಪಟ್ಟಿಯಲ್ಲಿ ದಿನಾಂಕ, ಕಂಪನಿ ಹೆಸರು, ಮೊತ್ತ. ಒಂದೇ ಕಂಪನಿ, ಒಂದೇ ದಿನಾಂಕ, 1,00,00,000. ಕೆಳಗಿನ ಸಾಲು ಅದೇ. ಅದರ ಕೆಳಗೂ ಅದೇ. ಪುಟ ಜಾರಿಸಿದರೆ ಮುಂದಿನ ಪುಟದಲ್ಲೂ ಅದೇ. ಅಷ್ಟು ಸೊನ್ನೆಗಳನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಎಕ್ಸೆಲ್‌ಗೆ ಹಾಕಿ ಹೆಸರಿನ ಪ್ರಕಾರ ಕೂಡಿಸಿದರೆ ಮೊದಲು ಬಂದದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ. ಎರಡನೆಯದು ಮೇಘಾ ಎಂಜಿನಿಯರಿಂಗ್, 966 ಕೋಟಿ. ಪಕ್ಷಗಳ ಕಡೆ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲಕ್ಕೆ 1,609, ಕಾಂಗ್ರೆಸ್‌ಗೆ 1,421, ಬಿಆರ್‌ಎಸ್‌ಗೆ 1,214. ನಮ್ಮ ಜೆಡಿಎಸ್‌ಗೂ ಬಂದಿತ್ತು, 89.75 ಕೋಟಿ ಅಂತ ಪಕ್ಷವೇ ಆಯೋಗಕ್ಕೆ ಹೇಳಿತ್ತು. ಕೊಟ್ಟವರ ಹೆಸರನ್ನೂ ಹೇಳಿದ ಕೆಲವೇ ಪಕ್ಷಗಳಲ್ಲಿ ಅದು ಒಂದು, ಡಿಎಂಕೆ ಇನ್ನೊಂದು. ಸಿಪಿಎಂ ಬಾಂಡ್ ತೆಗೆದುಕೊಳ್ಳುವುದೇ ಇಲ್ಲ ಅಂತ ನಿಂತು, ಕೋರ್ಟ್‌ಗೂ ಹೋಗಿತ್ತು.

ಕೋರ್ಟ್ ಮತ್ತೆ ಗದರಿದ ಮೇಲೆ ಮಾರ್ಚ್ 21ಕ್ಕೆ ಬಾಂಡ್ ನಂಬರ್ ಬಂದವು. ಆಗ ಎರಡೂ ಪಟ್ಟಿಯನ್ನು ನಂಬರ್ ನೋಡಿ ಜೋಡಿಸುವ ಎಕ್ಸೆಲ್ ಸೂತ್ರ, ವಿ-ಲುಕಪ್, ಹಾಕಿದೆ. ಎಡಗಡೆ ಕಂಪನಿ, ಬಲಗಡೆ ಪಕ್ಷ. ಆರು ವರ್ಷ ನಮಗೆ ಬೇಡ ಅಂತ ಮುಚ್ಚಿಟ್ಟಿದ್ದು ಕೆಲವೇ ಸೆಕೆಂಡಿನಲ್ಲಿ ಪರದೆ ಮೇಲೆ ತುಂಬಿಕೊಂಡಿತು. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಔಷಧ ಕಂಪನಿಯ ನಿರ್ದೇಶಕರೊಬ್ಬರನ್ನು ಕೇಂದ್ರದ ತನಿಖಾ ಸಂಸ್ಥೆ ಬಂಧಿಸಿ ಐದು ದಿನಕ್ಕೆ ಅದೇ ಕಂಪನಿ 5 ಕೋಟಿಯ ಬಾಂಡ್ ಕೊಂಡಿತ್ತು. ದಿನಾಂಕ ಹತ್ತಿರ ಇದ್ದ ಮಾತ್ರಕ್ಕೆ ಲಂಚ ಅಂತ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಆ ದಿನಾಂಕವೇ ಕಾಣದಿದ್ದರೆ ಪ್ರಶ್ನೆ ಕೇಳುವುದಾದರೂ ಹೇಗೆ?

ಬೂತ್‌ಮಟ್ಟ:

ನಾನು ಎರಡು ವಿಧಾನಸಭೆ ಚುನಾವಣೆಯಲ್ಲಿ ಅಭ್ಯರ್ಥಿಯ ಖರ್ಚಿನ ಲೆಕ್ಕ ಬರೆದವನು. ಪಕ್ಷ ಬೇಡ. ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಭ್ಯರ್ಥಿಗೆ ಮಿತಿ ಇದೆ. 2022ರಿಂದ ನಮ್ಮಂಥ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಚುನಾವಣೆಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. 10,000 ಮೀರಿದರೆ ನಗದು ಕೊಡುವ ಹಾಗಿಲ್ಲ. ಶಾಮಿಯಾನ, ಕುರ್ಚಿ, ಊಟ, ಆಟೋ, ಮೈಕ್, ಎಲ್ಲಕ್ಕೂ ಜಿಲ್ಲಾಡಳಿತದ ದರ ಪಟ್ಟಿ ಇರುತ್ತದೆ. ನಾವು ಬರೆದ ಪುಸ್ತಕದ ಪಕ್ಕದಲ್ಲಿ ಆಯೋಗದವರು ಅವರದೇ ಇನ್ನೊಂದು ಲೆಕ್ಕ ಇಟ್ಟಿರುತ್ತಾರೆ. ಒಂದು ಸಲ ನಾನು 200 ಕುರ್ಚಿ ಬರೆದಿದ್ದೆ, ಅವರ ವಿಡಿಯೋದಲ್ಲಿ 350 ಇತ್ತು. ನಿಂತು ಎಣಿಸಿ ತೋರಿಸಿದರು, ತಿದ್ದಿ ಸಹಿ ಮಾಡಿದೆ. ಫಲಿತಾಂಶ ಬಂದು 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು.

ಈಗ ಪಕ್ಷದ ಕಡೆ ನೋಡಿ. ಪಕ್ಷ ಎಷ್ಟು ಖರ್ಚು ಮಾಡಬೇಕು ಅನ್ನುವುದಕ್ಕೆ ಮಿತಿಯೇ ಇಲ್ಲ. ಹೆಲಿಕಾಪ್ಟರ್, ಟಿವಿ ಜಾಹೀರಾತು, ಮೊಬೈಲ್‌ಗೆ ಬರುವ ಮೆಸೇಜು, ಇಡೀ ರಾಜ್ಯದ ಫ್ಲೆಕ್ಸು, ಎಲ್ಲಾ ಪಕ್ಷದ ಲೆಕ್ಕ. ಕಂಪನಿಗಳ ಕೋಟಿಗಳು ಹೋಗುವುದು ಅಲ್ಲಿಗೆ. ಕುರ್ಚಿ ಎಣಿಸುವ ದೇಶದಲ್ಲಿ ಹೆಲಿಕಾಪ್ಟರ್ ಎಣಿಸುವುದಿಲ್ಲ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ಚುನಾವಣೆಯ ಹಿಂದಿನ ರಾತ್ರಿ ಹಳ್ಳಿಯಲ್ಲಿ ಹಂಚುವ ದುಡ್ಡು ಯಾವ ಬಾಂಡ್‌ನಿಂದಲೂ ಬಂದದ್ದಲ್ಲ, ಯಾವ ಟ್ರಸ್ಟ್‌ನಿಂದಲೂ ಅಲ್ಲ. ಅದಕ್ಕೆ ರಸೀದಿ ಇಲ್ಲ. ಸಣ್ಣಕೈಗಾರಿಕೆಯವರ ಹತ್ತಿರ 'ಚೆಕ್ ಬೇಡ' ಅಂದದ್ದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಇದನ್ನು ಬರೆಯಲು ಸಂಕಟ ಆಗುತ್ತದೆ, ಆದರೆ ಇರುವುದು ಇದೇ.

ಹಳೇವಕೀಲ:

ಬೂತ್‌ಮಟ್ಟ ಅವರು ಹೇಳಿದ ಆ ಮಿತಿ ಇಲ್ಲದ ಕಥೆಗೂ ಒಂದು ಇತಿಹಾಸ ಇದೆ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನು ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕು ಅಂತ. ಇಲ್ಲದಿದ್ದರೆ ಮಿತಿಗೆ ಅರ್ಥವೇ ಇರುವುದಿಲ್ಲ ಅಲ್ವಾ? ಆದರೆ ಆ ತೀರ್ಪಿನ ಬೆನ್ನಿಗೇ ಕಾನೂನನ್ನು ತಿದ್ದಿ ಪಕ್ಷದ ಖರ್ಚನ್ನು ಹೊರಗಿಟ್ಟರು. ಆಮೇಲೆ ಅಲ್ಲಲ್ಲಿ ಬದಲಾವಣೆ ಆಗಿದೆ, ಆದರೆ ಪಕ್ಷಕ್ಕೆ ಒಟ್ಟು ಮಿತಿ ಇವತ್ತಿಗೂ ಬಂದಿಲ್ಲ.

ಇಂಥ ಕಡೆ ಎಲ್ಲಾ ದೊಡ್ಡ ಪಕ್ಷಗಳೂ ಒಂದಾಗುತ್ತವೆ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕಾಂಗ್ರೆಸ್, ಬಿಜೆಪಿ ಎರಡೂ ಬ್ರಿಟನ್‌ನಲ್ಲಿ ನೋಂದಣಿಯಾದ ವೇದಾಂತ ಗುಂಪಿನ ಕಂಪನಿಗಳಿಂದ ದುಡ್ಡು ಪಡೆದು ವಿದೇಶಿ ದೇಣಿಗೆ ಕಾನೂನು ಮುರಿದಿವೆ ಅಂತ ಹೇಳಿತು. ಮುಂದೆ ಆದದ್ದೇನು? 2016ರಲ್ಲಿ, ಮತ್ತೆ 2018ರಲ್ಲಿ ಹಣಕಾಸು ಮಸೂದೆಯೊಳಗೆ ತಿದ್ದುಪಡಿ ಸೇರಿಸಿ, ಎರಡನೇ ಸಲ 1976ರಿಂದಲೇ ಜಾರಿಗೆ ಬರುವ ಹಾಗೆ, ಕಾನೂನನ್ನೇ ಸಡಿಲ ಮಾಡಿದರು. 42 ವರ್ಷ ಹಿಂದಕ್ಕೆ ಹೋಗಿ ತಿದ್ದಿದ್ದಾರೆ. 2018ರ ತಿದ್ದುಪಡಿ ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು.

ಸಣ್ಣಕೈಗಾರಿಕೆ:

ನನಗೆ ಇನ್ನೊಂದು ಮಾತು ಇದೆ. ಹೆಸರು ಬಯಲಾಗಲಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತಿದ್ದೀರಿ. ನಾನು ಸೋತ ಪಕ್ಷಕ್ಕೆ ಎರಡು ಲಕ್ಷ ಜಾಸ್ತಿ ಕೊಟ್ಟೆ ಅಂತ ಗೆದ್ದವರಿಗೆ ಗೊತ್ತಾದರೆ ನನ್ನ ಗತಿ? ಮಾರನೇ ವಾರ ಒಬ್ಬರಾದ ಮೇಲೆ ಒಬ್ಬರು ತಪಾಸಣೆಗೆ ಬರುತ್ತಾರೆ. ಬಾಂಡ್ ತಂದವರು ಹೇಳಿದ ಕಾರಣವೂ ಇದೇ ಅಲ್ವಾ, ಕೊಟ್ಟವರಿಗೆ ರಕ್ಷಣೆ ಅಂತ? ಈ ಭಯ ಸುಳ್ಳಲ್ಲ. 45 ಮನೆಗಳ ಅನ್ನ ನನ್ನ ಮೇಲಿದೆ.

ರಾತ್ರಿಎಕ್ಸೆಲ್:

ಅಣ್ಣ, ನಿಮ್ಮ ಭಯ ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬಾಂಡ್ ನಿಮ್ಮನ್ನು ಯಾರಿಂದ ರಕ್ಷಿಸಿತು ಅಂತ ನೋಡಿ.

2018ರ ಏಪ್ರಿಲ್‌ನಲ್ಲಿ ಒಬ್ಬ ಪತ್ರಕರ್ತೆ ಸಾವಿರ ರೂಪಾಯಿಯ ಎರಡು ಬಾಂಡ್ ಕೊಂಡರು. ಪ್ರಯೋಗಾಲಯದಲ್ಲಿ ಅತಿನೇರಳೆ ಬೆಳಕು ಹಿಡಿಸಿದರು. ಬರಿಗಣ್ಣಿಗೆ ಕಾಣದ ಒಂದು ನಂಬರ್ ಮೂಲೆಯಲ್ಲಿ ಎದ್ದು ಬಂತು. ಪ್ರತಿ ಬಾಂಡ್‌ಗೂ ಬೇರೆ ಬೇರೆ ನಂಬರ್. ಆ ನಂಬರ್ ಬ್ಯಾಂಕ್ ಹತ್ತಿರ ಇದ್ದದ್ದರಿಂದಲೇ 2024ರ ಮಾರ್ಚ್ 21ಕ್ಕೆ ಅವರು ಪಟ್ಟಿ ಕೊಡಲು ಆದದ್ದು. ಬ್ಯಾಂಕ್ ಯಾರದು? ಸರ್ಕಾರದ್ದು. ಕ್ರಿಮಿನಲ್ ಕೇಸ್ ದಾಖಲಿಸಿ ತನಿಖಾ ಸಂಸ್ಥೆ ಕೇಳಿದರೆ ಬ್ಯಾಂಕ್ ಮಾಹಿತಿ ಕೊಡಬೇಕು ಅಂತ ಯೋಜನೆಯಲ್ಲೇ ಬರೆದಿತ್ತು. ಅಂದರೆ ನೀವು ಹೆದರುವವರಿಗೆ ಪೂರ್ತಿ ಕತ್ತಲೆ ಇರಲಿಲ್ಲ. ಕತ್ತಲೆ ಇದ್ದದ್ದು ಓಟು ಹಾಕುವ ನಮಗೆ.

ಇನ್ನೊಂದು, ಬಾಂಡ್ ಸಣ್ಣವರ ಸಲಕರಣೆ ಆಗಿರಲೇ ಇಲ್ಲ. ಮೊತ್ತದ ಲೆಕ್ಕದಲ್ಲಿ 94% ಬಾಂಡ್ ಒಂದು ಕೋಟಿಯದ್ದು ಅಂತ ತೀರ್ಪಿನಲ್ಲೇ ಇದೆ. ಕಂಪನಿಗಳ ದೇಣಿಗೆ ಶುದ್ಧ ವ್ಯವಹಾರ, ಪ್ರತಿಯಾಗಿ ಏನಾದರೂ ಸಿಗಲಿ ಅಂತಲೇ ಕೊಡುವುದು ಎಂಬ ಅರ್ಥದ ಮಾತನ್ನೂ ಕೋರ್ಟ್ ಬರೆದಿದೆ. ಅದಕ್ಕೇ ಮಿತಿ ಬೇಕು ಅಂದದ್ದು.

ಸಣ್ಣಕೈಗಾರಿಕೆ:

ಆ ನಂಬರ್ ವಿಷಯ ನನಗೆ ಗೊತ್ತಿರಲಿಲ್ಲ. ಯೋಚನೆ ಮಾಡುತ್ತೇನೆ. ಆದರೆ ಸೇಡಿನ ಭಯಕ್ಕೆ ಉತ್ತರ ಇನ್ನೂ ಸಿಗಲಿಲ್ಲ ತಂಗಿ.

ಹೊರನಾಡುಕನ್ನಡಿಗ:

ಬೇರೆ ದೇಶದಲ್ಲಿ ಹೇಗಿದೆ ಅಂತ ಸ್ವಲ್ಪ ಹೇಳಲಾ? ನಾನು ಬ್ರಿಟನ್‌ನಲ್ಲಿ 11 ವರ್ಷದಿಂದ ಇದ್ದೇನೆ.

ಇಲ್ಲಿ ಚಿಕ್ಕಷೇರುದಾರ ಅವರ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಇದೆ. 2006ರ ಕಂಪನಿ ಕಾಯ್ದೆ ಪ್ರಕಾರ 12 ತಿಂಗಳಲ್ಲಿ 5,000 ಪೌಂಡ್ ಮೀರಿ ರಾಜಕೀಯ ದೇಣಿಗೆ ಕೊಡಬೇಕಾದರೆ ಮೊದಲು ಷೇರುದಾರರ ಒಪ್ಪಿಗೆ ಪಡೆಯಬೇಕು. ಒಂದು ಸಲದ ಒಪ್ಪಿಗೆ ಹೆಚ್ಚೆಂದರೆ ನಾಲ್ಕು ವರ್ಷಕ್ಕೆ. ನನ್ನ ಹತ್ತಿರ ಇರುವ ಒಂದು ಕಂಪನಿಯ ಮಹಾಸಭೆ ನೋಟಿಸ್‌ನಲ್ಲಿ ಆಡಿಟರ್ ನೇಮಕದ ಪಕ್ಕದಲ್ಲೇ ಈ ನಿರ್ಣಯ ಇರುತ್ತದೆ. ನಾನು ಪ್ರತಿ ವರ್ಷ 'ವಿರೋಧ' ಅಂತ ಟಿಕ್ ಮಾಡುತ್ತೇನೆ. ನಿರ್ಣಯ ಹೇಗೂ ಪಾಸಾಗುತ್ತದೆ. ಆದರೂ ಕೇಳುತ್ತಾರೆ, ಎಷ್ಟು ಜನ ಬೇಡ ಅಂದರು ಅನ್ನುವುದನ್ನೂ ಪ್ರಕಟಿಸುತ್ತಾರೆ.

ಅಮೆರಿಕದ ಕಥೆ ಬೇರೆ. ಅಲ್ಲಿ 1907ರ ಟಿಲ್ಮನ್ ಕಾಯ್ದೆಯಿಂದ ಶುರುವಾಗಿ, ಕಂಪನಿ ತನ್ನ ಖಜಾನೆಯಿಂದ ರಾಷ್ಟ್ರಮಟ್ಟದ ಅಭ್ಯರ್ಥಿಗೆ ನೇರವಾಗಿ ಕೊಡುವ ಹಾಗಿಲ್ಲ. ನೌಕರರು ತಾವಾಗಿ ಹಾಕಿದ ದುಡ್ಡಿನ ಪ್ರತ್ಯೇಕ ಸಮಿತಿ ಮಾಡಿ, ಅದರಿಂದ ಮಿತಿಯೊಳಗೆ ಕೊಡಬಹುದು. ಆದರೆ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಮೇಲೆ ಅಭ್ಯರ್ಥಿಯ ಜೊತೆ ಸೇರದೆ ಸ್ವತಂತ್ರವಾಗಿ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಮುಂಬಾಗಿಲಿಗೆ ಬೀಗ ಹಾಕಿ ಪಕ್ಕದ ಗೋಡೆ ಒಡೆದ ಹಾಗೆ. ಫ್ರಾನ್ಸ್ 1995ರಲ್ಲಿ ಕಂಪನಿ ದೇಣಿಗೆಯನ್ನೇ ನಿಲ್ಲಿಸಿತು. ಆದರೆ ಅಲ್ಲಿ ಪಕ್ಷಗಳಿಗೆ ಸರ್ಕಾರದ ದುಡ್ಡು ಸಿಗುತ್ತದೆ, ಖರ್ಚಿಗೂ ಮಿತಿ ಇದೆ. ಅದಿಲ್ಲದೆ ಬರೀ ನಿಷೇಧ ಮಾಡಿದ್ದು ನಮ್ಮ 1969.

ಹಳೇವಕೀಲ:

ಬ್ರಿಟನ್ ಮಾದರಿ ನಮಗೆ ಹೊಸದೇನಲ್ಲ. 2015ರಲ್ಲಿ ನಮ್ಮ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಇದನ್ನೇ ಹೇಳಿದೆ. ದೇಣಿಗೆಯ ನಿರ್ಣಯವನ್ನು ನಿರ್ದೇಶಕರ ಮಂಡಳಿ ಬದಲು ವಾರ್ಷಿಕ ಮಹಾಸಭೆಯಲ್ಲಿ ಮಾಡಬೇಕು ಅಂತ. ಎರಡು ವರ್ಷಕ್ಕೆ ಬಂದ ತಿದ್ದುಪಡಿ ಸರಿಯಾಗಿ ಉಲ್ಟಾ ದಿಕ್ಕಿಗೆ ಹೋಯಿತು.

ಸಣ್ಣಕೈಗಾರಿಕೆಯವರ ಭಯಕ್ಕೆ ನನ್ನ ಉತ್ತರ ಒಂದೇ. ಸಣ್ಣ ಮೊತ್ತಕ್ಕೆ ಗುಟ್ಟು ಇರಲಿ, ಈಗಲೂ ಪಕ್ಷಗಳು 20,000 ರೂಪಾಯಿವರೆಗಿನ ದೇಣಿಗೆ ಕೊಟ್ಟವರ ಹೆಸರು ಚುನಾವಣಾ ಆಯೋಗಕ್ಕೆ ಹೇಳಬೇಕಾಗಿಲ್ಲ. ಅದರ ಮೇಲಿನದ್ದಕ್ಕೆ ಬೆಳಕು ಬೇಕು. ಗೆದ್ದವರು ಸೇಡು ತೀರಿಸಿಕೊಂಡರೆ, ಪಟ್ಟಿ ಬಯಲಲ್ಲಿ ಇದ್ದರೆ ಆ ಸೇಡೂ ಬಯಲಲ್ಲೇ ಕಾಣುತ್ತದೆ. ಕೋರ್ಟ್‌ನಲ್ಲಿ ಹಿಡಿದು ತೋರಿಸಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ. ಪೂರ್ತಿ ರಕ್ಷಣೆ ಅಲ್ಲ, ನಿಜ. ಕತ್ತಲೆಯಲ್ಲಿ ಅದೂ ಇಲ್ಲ.

ಬಾಂಡ್ ಹಿಂದಿನ ವ್ಯವಹಾರಗಳ ಬಗ್ಗೆ ವಿಶೇಷ ತನಿಖೆ ಮಾಡಿಸಿ ಅಂತ ಹಾಕಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 2ಕ್ಕೆ ತಳ್ಳಿಹಾಕಿತು. ಇರುವ ಸಾಮಾನ್ಯ ಕಾನೂನಿನಲ್ಲೇ ದಾರಿ ಹುಡುಕಿಕೊಳ್ಳಿ ಅಂತು. ಹಾಗಾಗಿ ಹಳೆಯದ್ದು ಬಹುಪಾಲು ಹಾಗೇ ಉಳಿಯುತ್ತದೆ ಅಂತ ನನ್ನ ಭಾವನೆ. ಮುಂದಿನದ್ದಕ್ಕಾದರೂ ಷೇರುದಾರರು ಬಾಯಿ ಬಿಡಬೇಕು.

ಲೆಕ್ಕಪತ್ರ:

ಚಿಕ್ಕಷೇರುದಾರ ಅವರೇ, ಕೇಳುವ ಹಕ್ಕು ನಿಮಗೆ ಖಂಡಿತ ಇದೆ. 60 ಷೇರು ಇದ್ದರೂ ಅಷ್ಟೇ, 6 ಇದ್ದರೂ ಅಷ್ಟೇ. ಮಹಾಸಭೆ ನೋಟಿಸ್‌ನ ಕೊನೆಯ ಪುಟಗಳನ್ನು ಬಿಡದೆ ಓದಿ. ಆನ್‌ಲೈನ್ ಸಭೆ ಆದರೆ ಮಾತಾಡುವವರು ಮೊದಲೇ ಹೆಸರು ನೋಂದಾಯಿಸಬೇಕು, ಮೇಲ್ ವಿಳಾಸ ಮತ್ತು ಕೊನೆ ದಿನ ಅಲ್ಲಿರುತ್ತದೆ. ನಿಮ್ಮ ಡಿಮ್ಯಾಟ್ ಖಾತೆಯ ಡಿಪಿ ಐಡಿ, ಕ್ಲೈಂಟ್ ಐಡಿ ಎಂಬ ಸಂಖ್ಯೆಗಳನ್ನು ಹಾಕಬೇಕು. ಪ್ರಶ್ನೆಯನ್ನು ಬರೆದೂ ಕಳಿಸಿ, ಯಾಕೆಂದರೆ ಸಭೆಯಲ್ಲಿ ಸಿಗುವುದು ಎರಡೋ ಮೂರೋ ನಿಮಿಷ, ಕೆಲವು ಸಲ ಮೈಕೇ ಆನ್ ಆಗುವುದಿಲ್ಲ. ಸಿಟ್ಟಿನ ಮಾತು ಬೇಡ. ಟಿಪ್ಪಣಿ ಸಂಖ್ಯೆ, ಪುಟ ಸಂಖ್ಯೆ ಹಾಕಿ ಕೇಳಿದರೆ ಕಂಪನಿ ಸೆಕ್ರೆಟರಿಗೆ ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಚಿಕ್ಕಷೇರುದಾರ:

ಎಲ್ಲರಿಗೂ ತುಂಬಾ ಋಣಿ. ಮೂರು ದಿನ ಈ ಚರ್ಚೆಯನ್ನು ಓದಿದ್ದೇನೆ, ಮನೆಯವರಿಗೂ ಓದಿ ಹೇಳಿದ್ದೇನೆ.

ಇವತ್ತು ಬೆಳಗ್ಗೆ ಮೇಲ್ ಕಳಿಸಿದೆ. ಬರೆದದ್ದು ಹೀಗೆ: 'ವಾರ್ಷಿಕ ವರದಿಯ ಇತರ ವೆಚ್ಚಗಳ ಟಿಪ್ಪಣಿಯಲ್ಲಿ ಚುನಾವಣಾ ಟ್ರಸ್ಟ್‌ಗೆ ಕೊಡುಗೆ ಎಂದು ತೋರಿಸಿದ್ದೀರಿ. ಆ ಟ್ರಸ್ಟ್‌ನ ಹೆಸರೇನು? ಅದು ಆ ವರ್ಷ ಯಾವ ಪಕ್ಷಗಳಿಗೆ ಎಷ್ಟು ಕೊಟ್ಟಿದೆ? ಯಾವ ಕಾರಣ ನೋಡಿ ಮಂಡಳಿ ಈ ತೀರ್ಮಾನ ಮಾಡಿತು? ಮುಂದಿನ ವರ್ಷದಿಂದ ಇಂಥ ಕೊಡುಗೆಗೆ ಷೇರುದಾರರ ಒಪ್ಪಿಗೆಯನ್ನು ಮಹಾಸಭೆಯಲ್ಲಿ ಕೇಳುತ್ತೀರಾ?' ಕೆಳಗೆ ನನ್ನ ಹೆಸರು, ಖಾತೆ ಸಂಖ್ಯೆ, 60 ಷೇರು ಅಂತ ಬರೆದೆ. ಮಾತಾಡುವವರ ಪಟ್ಟಿಗೂ ಹೆಸರು ಕೊಟ್ಟಿದ್ದೇನೆ.

ಸಭೆ ಮುಂದಿನ ತಿಂಗಳು 12ಕ್ಕೆ, ಬೆಳಗ್ಗೆ 11ಕ್ಕೆ. ಅವತ್ತು ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಅಪ್ಪನ ಆ ಪೆನ್ಸಿಲ್ ಇನ್ನೂ ಅಲಮಾರದಲ್ಲಿದೆ, ಅದನ್ನೇ ಹಿಡಿದು ಕೂರುತ್ತೇನೆ.

ಸಣ್ಣಕೈಗಾರಿಕೆ:

ಏನು ಉತ್ತರ ಬಂತು ಅಂತ ಇಲ್ಲೇ ಬರೆಯಿರಿ. ನಾನೂ ಕಾಯುತ್ತಿರುತ್ತೇನೆ.